ಅಯ್ಯೋ ಅನ್ನದ ರೋಗಿ

ಕೊಚಬಾಂಬ
ಮಾರ್ಚ್ 3

ಡಾಕ್ಟರ್ ನಿನೋಸ್ಕಾ ವಿಲ್ಯರೊಯೆಲ್ ಅವರಿಗೆ,

‘ಅವರಿಗೆ’ ಎಂದು ಬರೆದದ್ದು ಕಾಗದ ಒಯ್ಯುವ ಬಸ್ಸಿನ ಡ್ರೈವರ್ ನೋಡಿ ಮರ್ಯಾದೆ ಕೊಡಲಿ ಎಂದು. ಇನ್ನು ಮುಂದೆ ನೀನು ನಿನೋಸ್ಕಾಳೇ. ಫೋನು ಸಿಗಬೇಕಾದರೆ ಗುಡ್ಡ ಹತ್ತಬೇಕಾದ ಊರಿಗೆ ವರ್ಷದ ಮಟ್ಟಿಗೆ ಹೋಗಿ ಕೂತಿದ್ದೀಯೆ. ಈ ವಯಸ್ಸಿನಲ್ಲಿ ನಾನು ಮತ್ತೆ ಕಾಗದ ಬರೆಯುವುದನ್ನು ಕಲಿಯಬೇಕಾಗಿದೆ.

ನೀನು ಹೋದ ಮೇಲೆ ತರಬೇತಿ ಕೋಣೆಯಲ್ಲಿ ಸೊಗಸಿಲ್ಲ. ಹೊಸ ವರ್ಷದ ಕಿರಿಯ ಡಾಕ್ಟರುಗಳು ಬಂದಿದ್ದಾರೆ. ನಾನು ಎಂದಿನಂತೆ ರೋಗಿಯ ಪಾತ್ರಕ್ಕೆ ಬೆನ್ನಿಗೆ ರಬ್ಬರ್ ಚೀಲ ಕಟ್ಟಿಸಿಕೊಂಡು, ಮೇಜಿನ ಮೇಲೆ ದಿಂಬು ಅಪ್ಪಿಕೊಂಡು ಕೂರುತ್ತೇನೆ. ಅವರು ಒಬ್ಬೊಬ್ಬರಾಗಿ ಬಂದು ಚೀಲಕ್ಕೆ ಸೂಜಿ ಚುಚ್ಚಿ, ಎದೆಯಿಂದ ನೀರು ತೆಗೆಯುವುದನ್ನು ಕಲಿಯುತ್ತಾರೆ. ಹಳದಿ ನೀರು ಬಂದರೆ ಹಿಗ್ಗುತ್ತಾರೆ. ಅವಸರಪಟ್ಟರೆ ನಾನು ‘ಅಯ್ಯೋ’ ಅನ್ನುತ್ತೇನೆ. ಮೂವತ್ತು ವರ್ಷ ರೇಡಿಯೊ ನಾಟಕಗಳಲ್ಲಿ ಸತ್ತವನ ಅಯ್ಯೋ ಅದು. ವ್ಲಾದಿಮಿರ್ ಎಂಬ ಹುಡುಗ ಮೊನ್ನೆ ಅದನ್ನು ಕೇಳಿ ಸೂಜಿಯನ್ನೇ ಕೈಬಿಟ್ಟ. ಪಾಠ ಹೇಳುತ್ತಿದ್ದ ಡಾಕ್ಟರ್ ಕ್ವಿರೋಗ ನಕ್ಕರು, ಮಿಕ್ಕವರೂ ನಕ್ಕರು.

ನಿನ್ನ ಕೈ ಎಂದೂ ನಡುಗಲಿಲ್ಲ. ನನ್ನ ಬೆನ್ನು ಕಂಡ ಕೈಗಳಲ್ಲಿ ನಿನ್ನದೇ ಚೆನ್ನ. ಅದನ್ನು ನಿಜವಾದ ಬೆನ್ನಿನ ಮೇಲೆ ಇಟ್ಟ ದಿನ ನನಗೆ ಬರಿ.

ಅರಾನಿ ಊರಿನ ರೊಟ್ಟಿ ಕಳಿಸಿದ್ದೇನೆ. ಡ್ರೈವರ್ ತಿನ್ನದೆ ಬಿಟ್ಟಿದ್ದರೆ ಎರಡು ಇರಬೇಕು. ಕೋಣೆಗೆ ಸುಣ್ಣ ಬಳಿಸುತ್ತಿದ್ದಾರೆ, ಅದರ ಧೂಳಿಗೆ ಕೆಮ್ಮು ಹತ್ತಿಕೊಂಡಿದೆ. ಮಿಕ್ಕಂತೆ ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ರೋಗಿ,
ಅಬೆಲಾರ್ದೊ ಸೆಂತೇನೊ


ವಿಲ್ಯಾಕೋಟ
ಮಾರ್ಚ್ 22

ದೋನ್ ಅಬೆಲಾರ್ದೊ,

ರೊಟ್ಟಿ ಒಂದೇ ಇತ್ತು. ಅರ್ಧ ನರ್ಸ್ ಕಾಸಿಲ್ದಾಗೆ ಕೊಟ್ಟೆ, ಅರ್ಧ ನಾನು ತಿಂದೆ. ಇಲ್ಲಿ ಮೂರು ಹೊತ್ತೂ ಕಪ್ಪು ಒಣ ಆಲೂಗಡ್ಡೆ. ನಿಮ್ಮಂಥ ಕೊಚಬಾಂಬದ ಹೊಟ್ಟೆಬಾಕರು ಒಂದು ವಾರವೂ ತಡೆಯಲಾರರು. ಆಸ್ಪತ್ರೆಯೆಂದರೆ ಎಂಟು ಹಾಸಿಗೆ, ಒಂದು ಆಂಬುಲೆನ್ಸ್. ಆ ಆಂಬುಲೆನ್ಸಿನಲ್ಲಿ ಬಹುಪಾಲು ಆಲೂಗಡ್ಡೆಯೇ ಓಡಾಡುತ್ತದೆ.

ನೀವು ಕೇಳಿದ ಆ ದಿನ ಬಂತು. ರೋಗಿಯ ಹೆಸರು ಸಬಿನೊ ಚೋಕೆವಿಲ್ಕ. ಗಣಿಯಲ್ಲಿ ಕೆಲಸ ಮಾಡಿ ಬಿಟ್ಟವರು, ಈಗ ಮೇಲಿನ ಹಳ್ಳಿಯಲ್ಲಿ ಲಾಮಾ ಮಂದೆ ಮೇಯಿಸುತ್ತಾರೆ. ಟಿ.ಬಿ.ಯಿಂದ ಎದೆಯ ಒಂದು ಕಡೆ ಪೂರ್ತಿ ನೀರು ತುಂಬಿ, ಒಂದು ವಾಕ್ಯ ಹೇಳಲು ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದರು. ಮೇಜು, ದಿಂಬು, ಮರಗಟ್ಟಿಸುವ ಮದ್ದು, ಆಮೇಲೆ ದೊಡ್ಡ ಸೂಜಿ, ಎಲ್ಲ ನೀವು ಕೂತಾಗ ಮಾಡಿದಂತೆಯೇ ಮಾಡಿದೆ. ನಡುವೆ ಒಮ್ಮೆ “ನೋವಾಗ್ತಿದೆಯಾ?” ಎಂದು ಕೇಳಿದೆ. “ನಡೀಲಿ ಡಾಕ್ಟರಮ್ಮ” ಎಂದರು. ಒಂದೂವರೆ ಲೀಟರ್ ಬಂತು. ಕೊನೆಯವರೆಗೂ ಒಂದು ಸದ್ದಿಲ್ಲ. ನಿಮ್ಮ ಅಯ್ಯೋ ಕೇಳಿ ಕೇಳಿ ಕೆಟ್ಟಿದ್ದ ನನ್ನ ಕಿವಿಗೆ ಹಿತವಾಯಿತು. ರೋಗಿ ಎಂದರೆ ಹೀಗಿರಬೇಕು, ಕಲಿತುಕೊಳ್ಳಿ.

ಇಲ್ಲಿನ ಸಾಮಾನುಗಳು ಮಾತ್ರ ದೇವರಿಗೇ ಪ್ರೀತಿ. ನೀರು ತೆಗೆಯುತ್ತಿದ್ದ ಹೊತ್ತಿಗೇ ದಿಂಬಿನ ಚೀಲ ಹರಿದು ಹತ್ತಿ ಹೊರಬಂತು. ಬಟ್ಟೆ ಅಷ್ಟು ಹಳತು.

ನೀರು ಮತ್ತೆ ತುಂಬುತ್ತದೆ. ಮಾತ್ರೆ ಹಿಡಿಯುವವರೆಗೆ ಇನ್ನೊಮ್ಮೆಯಾದರೂ ತೆಗೆಯಲೇಬೇಕು, ಇಲ್ಲದಿದ್ದರೆ ಅವರು ತಮ್ಮ ಎದೆಯೊಳಗೇ ಮುಳುಗುತ್ತಾರೆ. ಮುಂದಿನ ಸಂತೆಯ ದಿನ ಬನ್ನಿ ಎಂದಿದ್ದೇನೆ.

ನಿನೋಸ್ಕಾ


ಕೊಚಬಾಂಬ
ಏಪ್ರಿಲ್ 5

ನಿನೋಸ್ಕಾ,

ಕಾಗದ ಓದಿ ಖುಷಿಪಟ್ಟೆ, ಆಮೇಲೆ ಸಿಟ್ಟೂ ಬಂತು. ಕಲಿತುಕೊಳ್ಳಿ ಎನ್ನುತ್ತೀಯಲ್ಲ. ನಾನು ಎದೆಗೆ ಗುಂಡು ಬಿದ್ದು ಸತ್ತಿದ್ದೇನೆ, ಹಡಗು ಮುಳುಗಿ ಸತ್ತಿದ್ದೇನೆ, ಹೆಂಡತಿ ವಿಷ ಹಾಕಿ ಕೂಡ ಸತ್ತಿದ್ದೇನೆ. ಒಂದರಲ್ಲೂ ಸುಮ್ಮನೆ ಸಾಯಲಿಲ್ಲ. ಸುಮ್ಮನಿದ್ದರೆ ಕೇಳುವವರಿಗೆ ಏನು ತಿಳಿಯುತ್ತದೆ? ರೇಡಿಯೊದಲ್ಲಿ ಸುಮ್ಮನಿದ್ದವನು ಇಲ್ಲದವನೇ.

ಸದ್ದು ಮಾಡದ ರೋಗಿಯನ್ನು ನಾನು ನಂಬುವುದಿಲ್ಲ. ಹೊಟ್ಟೆಕಿಚ್ಚು ಎಂದುಕೋ, ಅಡ್ಡಿಯಿಲ್ಲ.

ಇನ್ನೊಂದು ಸುದ್ದಿ. ತರಬೇತಿಗೆ ನನ್ನ ಬದಲು ಹೊಸ ಬೊಂಬೆ ಬಂದಿದೆ. ಕಣ್ಣು ಮಿಟುಕಿಸುತ್ತದೆ, ಬೆವರುತ್ತದೆ, ಗಂಟಲಲ್ಲಿ ಇಟ್ಟ ಸ್ಪೀಕರಿನಿಂದ ನರಳುತ್ತದೆ. ನರಳುವುದು ಸ್ಪೇನಿನವರ ಹಾಗೆ. ನಮ್ಮ ಊರಿನ ಯಾವ ರೋಗಿಯೂ ಅಷ್ಟು ಶುದ್ಧವಾಗಿ ನರಳಿದ್ದನ್ನು ನಾನು ಕೇಳಿಲ್ಲ. ಹುಡುಗರು ಅದಕ್ಕೆ ದೋನ್ ಪ್ಲಾಸ್ಟಿಕೊ ಎಂದು ಹೆಸರಿಟ್ಟಿದ್ದಾರೆ. “ದೋನ್ ಅಬೆಲಾರ್ದೊ, ಇವರು ಕಾಫಿ ಕೇಳಲ್ಲ ನೋಡಿ” ಎಂದ ವ್ಲಾದಿ. “ಕೇಳದೇ ಇರೋನಿಗೆ ನೀನು ಡಾಕ್ಟರಾಗಿ ಏನು ಪ್ರಯೋಜನ?” ಎಂದೆ.

ತರಬೇತಿ ಕೋಣೆಯನ್ನು ಮೂರನೆಯ ಮಹಡಿಗೆ ಸಾಗಿಸಿದ್ದಾರೆ. ಮೆಟ್ಟಿಲ ತಿರುವಿನಲ್ಲಿ ಒಂದು ಬೆಂಚು ಹಾಕಿಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಧೂಳಿನ ಕೆಮ್ಮು ಇನ್ನೂ ಹೋಗಿಲ್ಲ.

ಅಬೆಲಾರ್ದೊ


ವಿಲ್ಯಾಕೋಟ
ಏಪ್ರಿಲ್ 24

ದೋನ್ ಅಬೆಲಾರ್ದೊ,

ಬೊಂಬೆಯ ಮೇಲಿನ ಸಿಟ್ಟನ್ನು ನನ್ನ ರೋಗಿಯ ಮೇಲೆ ತೀರಿಸಿಕೊಳ್ಳಬೇಡಿ. ನಿಮ್ಮ ಕೆಲಸ ಹೋಗುತ್ತದೆಂಬ ಭಯ ನನಗೆ ಅರ್ಥವಾಗುತ್ತದೆ, ಆದರೆ ಇಲ್ಲಿರುವುದು ನಾಟಕವಲ್ಲ.

ಸಬಿನೊ ಬರಲಿಲ್ಲ. ಸಂತೆಯ ಮೇಲೆ ಸಂತೆ ಕಳೆಯಿತು. ಸೊಸೆ ಹಿಲಾರಿಯಾ ಬಂದು ಮಾತ್ರೆ ಒಯ್ಯುತ್ತಾಳೆ. ಅವರು ಈಗ ಮಲಗುವುದೇ ಇಲ್ಲವಂತೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರಂತೆ. ನೀರು ಮೊದಲಿನಷ್ಟೇ ತುಂಬಿದೆ ಎಂದು ಕೇಳಿದರೇ ತಿಳಿಯುತ್ತದೆ. “ಬಾ ಅಂದ್ರೆ ಲಾಮಾ ಮರಿ ಹಾಕ್ತಾ ಇದೆ ಅಂತಾರೆ. ಮರಿ ಹಾಕೋ ಕಾಲ ಮುಗಿದು ಎಷ್ಟೋ ದಿನ ಆಯ್ತು” ಎಂದಳು ಅವಳು.

ನಮ್ಮ ಆಸ್ಪತ್ರೆಯ ಮುಖ್ಯಸ್ಥರು ‘ರೋಗಿ ಒಪ್ಪಲಿಲ್ಲ’ ಎಂದು ಬರೆದು ಮುಗಿಸು ಎನ್ನುತ್ತಾರೆ. ಎದೆಯ ನೀರು ತೆಗೆದರೆ ಮೈಯ ಶಕ್ತಿ ಹೋಗುತ್ತದೆಂದು ಇಲ್ಲಿನವರು ನಂಬುತ್ತಾರೆ ಎಂದೂ ಹೇಳಿದರು. ಇದ್ದರೂ ಇರಬಹುದು. ಆದರೆ ಮೊದಲ ಸಲ ತಾವಾಗಿಯೇ ನಡೆದು ಬಂದವರು ಅವರು. ನನ್ನ ಕೈ ತಪ್ಪಲಿಲ್ಲ. ರಕ್ತ ಬರಲಿಲ್ಲ, ಶ್ವಾಸಕೋಶಕ್ಕೆ ತಗುಲಲಿಲ್ಲ. ಕ್ವಿರೋಗ ಸರ್ ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ರೋಗಿಯಾಗಿ ಸಂಬಳ ತೆಗೆದುಕೊಂಡವರು ನನಗೆ ಗೊತ್ತಿರುವಂತೆ ನೀವೊಬ್ಬರೇ. ಒಬ್ಬ ರೋಗಿ ಯಾಕೆ ತಪ್ಪಿಸಿಕೊಳ್ಳುತ್ತಾನೆ? ತಮಾಷೆ ಬಿಟ್ಟು ಹೇಳಿ.

ನಿನೋಸ್ಕಾ


ಕೊಚಬಾಂಬ
ಮೇ 9

ನಿನೋಸ್ಕಾ,

ತಮಾಷೆ ಬಿಟ್ಟಿದ್ದೇನೆ.

ದಿಂಬು ಹರಿಯಿತು ಎಂದು ಬರೆದಿದ್ದೆ. ಯಾವ ಕಡೆ ಹರಿಯಿತು? ಅವನ ಕೈಗಳು ಎಲ್ಲಿದ್ದವು? ಹೋಗಿ ನೋಡು.

ಇನ್ನೊಂದು ವಿಷಯ. ಇದನ್ನು ನಿಮಗ್ಯಾರಿಗೂ ಹೇಳಬಾರದೆಂದು ಕ್ವಿರೋಗ ಹೇಳಿದ್ದರು, ಪರೀಕ್ಷೆಯ ಗುಟ್ಟು ಎಂದು. ನನ್ನ ಬೆನ್ನಿನ ಮೇಲೆ ಅಂಗೈ ದಪ್ಪದ ರಬ್ಬರು ಇರುತ್ತಿತ್ತು. ಸೂಜಿ ಎಲ್ಲಿದೆ, ಎಷ್ಟು ಆಳಕ್ಕೆ ಹೋಯಿತು ಎಂದು ನನಗೆ ಏನೂ ತಿಳಿಯುತ್ತಿರಲಿಲ್ಲ. ಮದ್ದು ಹಿಡಿಯುವ ಮೊದಲೇ ನೀವು ದೊಡ್ಡ ಸೂಜಿ ತಳ್ಳಿದರೆ ಕ್ವಿರೋಗ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು. ಆಗ ನಾನು ಅಯ್ಯೋ ಅನ್ನುತ್ತಿದ್ದೆ. ಆ ಅಯ್ಯೋ ನನ್ನದಲ್ಲ, ಅವರ ಬೂಟಿನದು.

ನೀವೆಲ್ಲ ಅದನ್ನು ಕೇಳಿ ಕೈ ನಿಲ್ಲಿಸುವುದನ್ನು ಕಲಿತಿರಿ. ಸದ್ದಿಲ್ಲ ಎಂದರೆ ನೋವಿಲ್ಲ ಎಂದು ಕಲಿತಿರಿ. ಆ ಗಣಿಯವನ ಕಾಲನ್ನು ಯಾರು ತುಳಿದರು?

ದೊಡ್ಡ ಕಾಗದ ಬರೆಯಲು ಇವತ್ತು ಆಗುವುದಿಲ್ಲ.

ಅಬೆಲಾರ್ದೊ


ವಿಲ್ಯಾಕೋಟ
ಮೇ 23

ದೋನ್ ಅಬೆಲಾರ್ದೊ,

ದಿಂಬನ್ನು ಕಾಸಿಲ್ದಾ ಹೊಲಿದಿಟ್ಟಿದ್ದಳು. ಎರಡೂ ಬದಿಯಲ್ಲಿ ಹೊಲಿಗೆ ಇತ್ತು, ಅವರ ಬೆರಳುಗಳು ಕೂತ ಕಡೆ. “ಹಳೇ ಬಟ್ಟೆ ಏನಲ್ಲ ಡಾಕ್ಟ್ರೇ, ಕ್ರಿಸ್‌ಮಸ್‌ಗೆ ಹೊಲಿಸಿದ್ದು” ಎಂದಳು. ಆವತ್ತೇ ಯಾಕೆ ಹೇಳಲಿಲ್ಲ ಎಂದೆ. “ನೀವು ಅಷ್ಟು ಖುಷಿಯಾಗಿದ್ರಿ” ಎಂದಳು.

ಆಂಬುಲೆನ್ಸಿನಲ್ಲಿ ಆಲೂಗಡ್ಡೆ ಮೂಟೆಗಳ ಜೊತೆ ಕೂತು ಮೇಲಿನ ಹಳ್ಳಿಗೆ ಹೋದೆ. ಸಬಿನೊ ಬಿಸಿಲಿಗೆ ಗೋಡೆಗೆ ಒರಗಿ ಕೂತಿದ್ದರು. ಅಗಿಯುವ ಕೋಕಾ ಎಲೆ ಕೆನ್ನೆಯಲ್ಲಿತ್ತು, ತುಟಿ ನೀಲಿಯಾಗಿತ್ತು. ಹಿಲಾರಿಯಾ ಉಣ್ಣೆ ನೂಲುತ್ತಿದ್ದಳು.

“ನೋಡು ಮಾವ, ನೀನು ಹೋಗ್ಲಿಲ್ಲ ಅಂತ ಸೂಜೀನೇ ಮನೆಗೆ ಬಂದೈತೆ” ಎಂದಳು.

“ಸೂಜಿ ತಂದಿಲ್ಲ” ಎಂದೆ.

“ತಂದಿಲ್ದಿದ್ರೆ ಕೂತ್ಕೊಳ್ಳಿ” ಎಂದರು ಅವರು.

ಅವತ್ತು ನೋವಾಯಿತೇ ಎಂದು ಕೇಳಿದೆ. ಆಯಿತು ಎಂದರು, ಗಾಳಿ ಬೀಸಿತೇ ಎಂದು ಕೇಳಿದ್ದಕ್ಕೆ ಹೇಳುವ ಹಾಗೆ.

“ನಾನು ಕೇಳಿದ್ನಲ್ಲ. ನಡೀಲಿ ಅಂದ್ರಿ.”

“ಅಂದೆ. ನಡೀತು. ಇನ್ನೊಂದ್ಸಲ ನಡೆಯೋದು ಬ್ಯಾಡ.”

“ಒಂದೇ ಒಂದು ಸಲ ಅಯ್ಯೋ ಅಂದಿದ್ರೆ ನಿಲ್ಲಿಸ್ತಿದ್ದೆ.”

ನಾನು ಏನೋ ಹೊಲಸು ಮಾತಾಡಿದೆನೆಂಬಂತೆ ಅವರು ಸೊಸೆಯ ಕಡೆ ನೋಡಿದರು. ಉಸಿರು ಕೂಡಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದರು: “ಗಣಿ ಒಳಗೆ ಒಬ್ಬ ಅಯ್ಯೋ ಅಂದ್ರೆ ಪಕ್ಕದೋನ ಕೈ ನಡುಗ್ತದೆ. ಅವನ ಕೈಲಿ ಡೈನಮೈಟ್ ಇರ್ತದೆ. ನಿಮ್ಮ ಕೈಲಿ ಸೂಜಿ ಇತ್ತು.”

ನನ್ನ ಕೈ ನಡುಗಬಾರದೆಂದು ಅವರು ಸುಮ್ಮನಿದ್ದರು. ನಾನು ಅದನ್ನೇ ನನ್ನ ಕೈಚಳಕ ಎಂದುಕೊಂಡು ನಿಮಗೆ ಕಾಗದ ಬರೆದೆ. ಚರ್ಮಕ್ಕೆ ಮಾತ್ರ ಮದ್ದು ತಾಗಿತ್ತು, ಎದೆಗೂಡಿನ ಒಳಗಿನ ಪೊರೆಗೆ ತಾಗಿರಲಿಲ್ಲ. ಅಲ್ಲೇ ಎಲ್ಲಕ್ಕಿಂತ ಹೆಚ್ಚು ನೋವು. ಸದ್ದು ಬರಲಿಲ್ಲವಾದ್ದರಿಂದ ಕಾಯಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಅವರಿಗೆ ನಿಮ್ಮ ವಿಷಯ ಹೇಳಿದೆ. ಕೊಚಬಾಂಬದಲ್ಲಿ ಒಬ್ಬರು ಅಯ್ಯೋ ಅಂದು ನಮಗೆ ಕಲಿಸುತ್ತಾರೆ ಎಂದೆ. “ಅಳೋಕೆ ಸಂಬಳ ಕೊಡ್ತಾರಾ?” ಎಂದು ನಕ್ಕರು, ಕೆಮ್ಮು ಬಂದು ನಿಲ್ಲಿಸಬೇಕಾಯಿತು. ಹಿಲಾರಿಯಾ ಕದಿರು ತಿರುಗಿಸುತ್ತಾ “ಅಳೋ ಗಂಡಸನ್ನ ನಂಬಬಾರ್ದು ಅಂತಾರಲ್ಲ, ಡಾಕ್ಟ್ರುಗಳಿಗೆ ಗೊತ್ತಿಲ್ವಾ?” ಎಂದಳು.

ಗಣಿಯೊಳಗೆ ಏನಾದರೂ ಆದರೆ ಮತ್ತೆ ಹೇಗೆ ತಿಳಿಸುತ್ತೀರಿ ಎಂದು ಕೇಳಿದೆ.

“ಹಗ್ಗ. ಕೆಳಗೆ ಇಳಿದೋನ ಸೊಂಟಕ್ಕೆ ಒಂದು ತುದಿ, ಮೇಲೆ ಇರೋನ ತೋಳಿಗೆ ಒಂದು ತುದಿ. ಒಂದು ಸಲ ಜಗ್ಗಿದ್ರೆ ನಿಲ್ಲು. ಎರಡು ಸಲ ಜಗ್ಗಿದ್ರೆ ನಡೀಲಿ. ಬಾಯಿ ಯಾಕೆ ಬೇಕು?”

“ನನ್ನ ತೋಳಿಗೆ ಕಟ್ಟಿದ್ರೆ ಬರ್ತೀರಾ?”

ಎಲೆಯನ್ನು ಇನ್ನೊಂದು ಕೆನ್ನೆಗೆ ತಳ್ಳಿದರು. ಆಮೇಲೆ “ಇಳಿಯೋಕೆ ಆದ್ರೆ ಬರ್ತೀನಿ” ಎಂದರು. ಅವರ ಮನೆಯಿಂದ ರಸ್ತೆಗೆ ಇಳಿಯುವುದೇ ಒಂದು ಗುಡ್ಡ. ಹೊತ್ತು ತರುತ್ತೇವೆ ಎಂದಿದ್ದಕ್ಕೆ ಸೊಸೆಯ ಮುಂದೆ ಆ ಮಾತು ಆಡಬೇಡಿ ಎಂದರು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿನೋಸ್ಕಾ


ವಿಲ್ಯಾಕೋಟ
ಜೂನ್ 14

ದೋನ್ ಅಬೆಲಾರ್ದೊ,

ಹಿಂದಿನ ಕಾಗದಕ್ಕೆ ಉತ್ತರ ಬಂದಿಲ್ಲ. ಡ್ರೈವರನ್ನು ಕೇಳಿದರೆ ಯಾರೂ ಏನೂ ಕೊಡಲಿಲ್ಲ ಎನ್ನುತ್ತಾನೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬೇರೆ ಯಾರಿಗೆ ಹೇಳಿದರೂ ತಿಳಿಯುವುದಿಲ್ಲ.

ಬಂದರು. ಸಬಿನೊ ಸೊಸೆಯ ಹೆಗಲು ಹಿಡಿದು, ಕೂತು ಕೂತು ಇಳಿದರಂತೆ. ಬಾಗಿಲಲ್ಲಿ ಕಂಡಾಗ ಅಳು ಬಂತು, ನುಂಗಿಕೊಂಡೆ. ಅವರ ಮುಂದೆ ಅತ್ತಿದ್ದರೆ ಹಿಂದಕ್ಕೆ ಹೋಗಿಬಿಡುತ್ತಿದ್ದರೋ ಏನೋ.

ಕಾಸಿಲ್ದಾ ಬ್ಯಾಂಡೇಜು ಬಟ್ಟೆ ಉದ್ದಕ್ಕೆ ಹರಿದು, ಒಂದು ತುದಿ ಅವರ ಕೈಗೆ ಕೊಟ್ಟು ಇನ್ನೊಂದನ್ನು ನನ್ನ ತೋಳಿಗೆ ಗೌನಿನ ಒಳಗಿಂದ ಕಟ್ಟಿದಳು. ಚರ್ಮಕ್ಕೆ ಮದ್ದು ಹಾಕಿ ಕಾದೆ. ಎರಡು ಸಲ ಜಗ್ಗಿದರು. ಸೂಜಿ ಒಳಗೆ ಇಳಿಸಿದೆ. ಒಂದು ಸಲ ಜಗ್ಗಿದರು. ಮುಖ ನೋಡಿದರೆ ಸಂತೆಯಲ್ಲಿ ಬೆಲೆ ಕೇಳುವವನ ಮುಖ, ಏನೂ ಇಲ್ಲ. ನಿಲ್ಲಿಸಿದೆ, ಇನ್ನಷ್ಟು ಮದ್ದು ಹಾಕಿದೆ, ಕಾದೆ. ಪೊರೆಯ ಹತ್ತಿರ ಮತ್ತೆ ಜಗ್ಗಿದರು, ಈ ಸಲ ತೋಳೇ ಕಿತ್ತು ಬರುವಂತೆ. ಹೀಗೆ ನಿಂತು ನಿಂತು ಮಾಡಿದ್ದರಿಂದ ಮೊದಲ ಸಲದ ದುಪ್ಪಟ್ಟು ಹೊತ್ತು ಹಿಡಿಯಿತು. ದಿಂಬು ಹರಿಯಲಿಲ್ಲ.

ಅಂದು ಅವರು ಇಲ್ಲೇ ಉಳಿದರು. ಮಲಗಿ ನಿದ್ದೆ ಮಾಡಿದರು, ಅಂಗಾತ, ಗೊರಕೆ ಹೊಡೆಯುತ್ತಾ. ಹಿಲಾರಿಯಾ ಬಾಗಿಲಲ್ಲಿ ನಿಂತು “ಈ ಗೊರಕೆಗೆ ನಾನು ಹೊತ್ಕೊಂಡು ಬಂದ್ನಾ” ಎಂದು ಬೈದಳು, ಕಣ್ಣೊರೆಸಿಕೊಂಡಳು.

ಇನ್ನು ನಿಮ್ಮ ವಿಷಯ. ಬೊಂಬೆ ಬಂದಿತೆಂದು ಮುನಿಸಿಕೊಂಡು ಮನೆಯಲ್ಲಿ ಕೂತಿದ್ದೀರಿ ಎಂದು ನನಗೆ ಗೊತ್ತಾಗುವುದಿಲ್ಲವೇ? ನನ್ನ ಮೇಲೆ ಸಿಟ್ಟಾದರೂ ಎರಡು ಸಾಲು ಬರೆಯಬಹುದಿತ್ತು. ನಿಮ್ಮ ಕಾಗದವಿಲ್ಲದಿದ್ದರೆ ನಾನು ‘ರೋಗಿ ಒಪ್ಪಲಿಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಅಷ್ಟು ಹೇಳಬೇಕಿತ್ತು.

ನಿನೋಸ್ಕಾ


ಕೊಚಬಾಂಬ
ಜುಲೈ 1

ನಿನೋಸ್ಕಾ,

ಅಕ್ಷರ ಬೇರೆಯವರದು ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ವ್ಲಾದಿ ಬರೆಯುತ್ತಿದ್ದಾನೆ. ಅವನ ಅಕ್ಷರ ಡಾಕ್ಟರರದು, ಓದಲು ಆಗದಿದ್ದರೆ ಔಷಧದ ಅಂಗಡಿಗೆ ಒಯ್ಯು.

ಮುನಿಸಿರಲಿಲ್ಲ. ಕೆಮ್ಮಿಗೆ ಕಾರಣ ಧೂಳೂ ಅಲ್ಲವಂತೆ. ಮೆಟ್ಟಿಲ ಬೆಂಚು ಬರುವ ಮೊದಲೇ ಒಂದು ದಿನ ತಿರುವಿನಲ್ಲಿ ಕೂತವನು ಏಳಲಾಗಲಿಲ್ಲ. ಕೆಳಗಿನ ಮಹಡಿಯ ನಿಜವಾದ ವಾರ್ಡಿಗೆ ಸೇರಿಸಿದರು. ನಿನ್ನ ಗಣಿಯವನಿಗೆ ಇದ್ದದ್ದೇ ನನಗೂ, ಎದೆಯಲ್ಲಿ ನೀರು. ಯಾಕೆ ಎಂದು ಇನ್ನೂ ಹೇಳಿಲ್ಲ. ಪರೀಕ್ಷೆಗೆ ಕಳಿಸಿದ್ದಾರೆ. ಅವರು ಮೆಲ್ಲಗೆ ಮಾತಾಡುವುದನ್ನು ನೋಡಿದರೆ ಒಳ್ಳೆಯ ಸುದ್ದಿ ಇರಲಾರದು. ನಿನಗೆ ಮೊದಲೇ ಬರೆಯಬಹುದಿತ್ತು. ಆದರೆ ನೀನು ಆ ಮನುಷ್ಯನನ್ನು ಕೆಳಗಿಳಿಸುವ ಯೋಚನೆಯಲ್ಲಿದ್ದೆ. ನಿನ್ನ ಕೈಲಿ ಸೂಜಿ ಇತ್ತು.

ನೀರು ತೆಗೆಯಲು ಮೇಜು, ದಿಂಬು ತಂದರು. ರಬ್ಬರಿಲ್ಲದೆ ನಾನು ಆ ಮೇಜಿಗೆ ಕೂತದ್ದು ಅದೇ ಮೊದಲು. ಸೂಜಿ ಹಿಡಿದವನು ಇದೇ ವ್ಲಾದಿ, ಹಿಂದೆ ನಾಲ್ಕು ಜನ ನೋಡಲು ನಿಂತಿದ್ದರು. ಎಲ್ಲ ನನ್ನ ಬೆನ್ನಿನ ಮೇಲೇ ಕಲಿತವರು. ಚುಚ್ಚಿದ. ಅಯ್ಯೋ ಅಂದೆ. ನಾಲ್ವರೂ ನಕ್ಕರು. “ದೋನ್ ಅಬೆಲಾರ್ದೊ, ಇವತ್ತು ಪರೀಕ್ಷೆ ಇಲ್ಲ, ಬಿಡಿ” ಎಂದ ಒಬ್ಬ. ನಿಜವಾಗಿಯೂ ನೋಯುತ್ತಿತ್ತು, ಇನ್ನೊಮ್ಮೆ ಅಯ್ಯೋ ಅಂದೆ. ನಿಜವಾದದ್ದು ಸಣ್ಣದಾಗಿ ಬಂತು. ರೇಡಿಯೊದಲ್ಲಿ ಅದನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. “ಮೊದಲನೇದೇ ಚೆನ್ನಾಗಿತ್ತು” ಎಂದ ವ್ಲಾದಿ. ಸೂಜಿ ಮುಂದೆ ಹೋಯಿತು.

(ಈ ಸಾಲುಗಳನ್ನು ಬರೆಯಲು ಇವನು ಒಲ್ಲೆ ಎಂದ. ಬರಿ ಎಂದು ಕೂರಿಸಿದ್ದೇನೆ.)

ಅಳುವ ಗಂಡಸನ್ನು ನಂಬಬಾರದು ಎಂದ ಆ ಸೊಸೆಯ ನೆನಪಾಯಿತು. ಬದುಕಿಡೀ ಮಾಡಿಟ್ಟುಕೊಂಡ ಸೊತ್ತು ಆ ಒಂದು ಸದ್ದು. ಬೇಕಾದ ಹೊತ್ತಿಗೆ ಅದು ಕಾಸಿಗೂ ಬರಲಿಲ್ಲ. ಹೆದರಿಕೆಯಾಯಿತು, ನಿನೋಸ್ಕಾ. ಅಷ್ಟೊಂದು ಸಲ ಸತ್ತವನಿಗೆ ಅಂಥ ಹೆದರಿಕೆ ಎಂದೂ ಆಗಿರಲಿಲ್ಲ.

ಆಮೇಲೆ ಬಾಯಿ ಮುಚ್ಚಿದೆ. ನರ್ಸ್ ಕೈಯಲ್ಲಿದ್ದ ಬ್ಯಾಂಡೇಜು ಕಿತ್ತುಕೊಂಡು “ಇದರ ತುದಿ ಇವನ ತೋಳಿಗೆ ಕಟ್ಟು ತಾಯಿ” ಎಂದೆ. ಅಜ್ಜನಿಗೆ ತಲೆ ಕೆಟ್ಟಿತು ಎಂದುಕೊಂಡರೂ ಕಟ್ಟಿದಳು. ಒಂದು ಸಲ ಜಗ್ಗಿದೆ. ಹುಡುಗನಿಗೆ ಯಾರೂ ಕಲಿಸಿರಲಿಲ್ಲ, ಆದರೂ ನಿಂತ. ನನ್ನ ಮುಂದಕ್ಕೆ ಬಂದು ಮುಖ ನೋಡಿದ. ಅವನ ಮುಖ ಸುಣ್ಣವಾಯಿತು.

ಇನ್ನೊಮ್ಮೆ ತೆಗೆಯಬೇಕಂತೆ, ಬರುವ ವಾರ. ದೋನ್ ಪ್ಲಾಸ್ಟಿಕೊ ಮೇಲಿನ ಮಹಡಿಯಲ್ಲಿ ಚೆನ್ನಾಗಿದ್ದಾನೆ, ಸ್ಪೇನಿನವರ ಹಾಗೆ ನರಳುತ್ತಾನೆ. ನಾನು ಬ್ಯಾಂಡೇಜನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ನೀನು ಬರುವ ಅಗತ್ಯವಿಲ್ಲ. ದಾರಿ ಕೆಟ್ಟದ್ದು, ಚಳಿ ಬೇರೆ.

ಅಬೆಲಾರ್ದೊ


ವಿಲ್ಯಾಕೋಟ
ಜುಲೈ 6

ದೋನ್ ಅಬೆಲಾರ್ದೊ,

ಇದು ತಲುಪಿದ ಮರುದಿನ ನಾನೂ ತಲುಪುತ್ತೇನೆ. ಎರಡನೆಯ ಸಲ ನಾನೇ ತೆಗೆಯುತ್ತೇನೆ. ಅಲ್ಲಿಯವರೆಗೆ ಯಾರನ್ನೂ ಮುಟ್ಟಲು ಬಿಡಬೇಡಿ. ವ್ಲಾದಿ ಪಕ್ಕದಲ್ಲಿ ನಿಲ್ಲಲಿ, ನೋಡಲಿ.

ಸಬಿನೊ ನಿನ್ನೆ ಗುಡ್ಡ ಇಳಿದು ತಾವೇ ನಡೆದು ಬಂದರು. ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. ಸಂಜೆಯವರೆಗೂ ಗೇಟಿನ ಹತ್ತಿರ ಕೂತು ಲಾಮಾ ಉಣ್ಣೆಯಲ್ಲಿ ಒಂದು ಹಗ್ಗ ಹೆಣೆದು ಕೊಟ್ಟರು. “ಬ್ಯಾಂಡೇಜು ಹಿಗ್ತದೆ, ಸುದ್ದಿ ತಡವಾಗಿ ಹೋಗ್ತದೆ. ಇದನ್ನ ಅವರಿಗೆ ಕೊಡಿ” ಎಂದರು. ಒಂದು ತುದಿಯಲ್ಲಿ ನಿಮ್ಮ ಕೈಗೆ ಸರಿಯಾಗಿ ದಪ್ಪ ಗಂಟು ಹಾಕಿದ್ದಾರೆ. ಇನ್ನೊಂದನ್ನು ನನ್ನ ತೋಳಿನ ಅಳತೆ ತೆಗೆದುಕೊಂಡು ಮಾಡಿದ್ದಾರೆ.

ನೀವು ಅಯ್ಯೋ ಅಂದರೂ ನಾನು ನಿಲ್ಲಿಸುತ್ತೇನೆ. ಆದರೆ ಅನ್ನಲೇಬೇಕೆಂದಿಲ್ಲ, ಜಗ್ಗಿದರೆ ಸಾಕು.

ನಿನೋಸ್ಕಾ